ಮಾಸ್ಕ್, ವೇಲ್, ಕೂಲಿಂಗ್ ಗ್ಲಾಸ್ ಹಾಕಿದ ಮುಖವನ್ನು ಗುರುತಿಸಲು ಯಾವ ಫಿಲ್ಟರ್ ಬಳಸಬೇಕು?

ಬಸವನಗುಡಿ ವಿದ್ಯಾರ್ಥಿನಿ:

ಬಲ್ಲವರಲ್ಲಿ ಒಂದು ಪ್ರಶ್ನೆ. ನಾನು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ತರಗತಿಯ ಬಾಗಿಲಿನ ಕ್ಯಾಮೆರಾದಿಂದ ಹಾಜರಾತಿ ಹಾಕುವ ವ್ಯವಸ್ಥೆಯೊಂದನ್ನು ಕಟ್ಟುವುದು ನಮ್ಮ ತಂಡದ ಪ್ರಾಜೆಕ್ಟ್. ಒಪ್ಪಿಗೆ ಕೊಟ್ಟ 60 ಸಹಪಾಠಿಗಳ ಮುಖಗಳನ್ನು ದಾಖಲಿಸಿಕೊಂಡಿದ್ದೇವೆ. ತೊಂದರೆ ಬಂದಿರುವುದು ಗಾಡಿಯಲ್ಲಿ ಬರುವವರಿಂದ: ಅವರಲ್ಲಿ ಬಹಳಷ್ಟು ಮಂದಿ ಹೆಲ್ಮೆಟ್ಟನ್ನು ತೆಗೆದರೂ, ಧೂಳಿಗೆಂದು ಕಟ್ಟಿಕೊಂಡ ಮಾಸ್ಕನ್ನೋ ಮುಖಕ್ಕೆ ಸುತ್ತಿಕೊಂಡ ವೇಲನ್ನೋ ತೆಗೆಯದೆ ಹಾಗೆಯೇ ಒಳಗೆ ನಡೆದುಬಿಡುತ್ತಾರೆ. ಕೆಲವರು ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ಬರುತ್ತಾರೆ.

ಈಗ ನಾವು ಮಾಡುತ್ತಿರುವುದು ಇಷ್ಟು. ಚಿತ್ರವನ್ನು ಕಪ್ಪು ಬಿಳುಪಿಗೆ ತಂದು, 3×3 ಅಳತೆಯ ಮೀಡಿಯನ್ ಫಿಲ್ಟರ್ ಹಾಯಿಸಿ, ಹಿಸ್ಟೋಗ್ರಾಂ ಈಕ್ವಲೈಸೇಶನ್ (ಚಿತ್ರದ ಬೆಳಕು ನೆರಳನ್ನು ಸಮನಾಗಿ ಹರಡುವುದು) ಮಾಡಿ, ಬಳಿಕ ಮುಖವನ್ನು ಕೆಲವೇ ಸಂಖ್ಯೆಗಳಾಗಿ ಕುಗ್ಗಿಸುವ ಐಗನ್‌ಫೇಸ್ ವಿಧಾನದಿಂದ ಹೋಲಿಸುತ್ತೇವೆ. ತೆರೆದ ಮುಖಕ್ಕೆ ಇದು ಸಾಕಾಗುತ್ತದೆ. ಮಾಸ್ಕ್ ಹಾಕಿದವರು ಬಂದಾಗ ಮಾತ್ರ ವಿಚಿತ್ರವಾದದ್ದೊಂದು ನಡೆಯುತ್ತದೆ: ಬೇರೆ ಬೇರೆಯವರನ್ನೆಲ್ಲ ವ್ಯವಸ್ಥೆಯು ಒಬ್ಬನೇ ಹುಡುಗನೆಂದು ಗುರುತಿಸುತ್ತದೆ. ಫಿಲ್ಟರಿಂಗ್ ಇನ್ನಷ್ಟು ಚೆನ್ನಾಗಿರಬೇಕೆಂದು ನಮ್ಮ ಗೈಡ್ ಹೇಳಿದ್ದಾರೆ. ಮುಚ್ಚಿದ ಭಾಗವನ್ನು ತೆಗೆದುಹಾಕುವಂಥ ಫಿಲ್ಟರ್ ಇದೆಯೇ? ಗೇಬರ್ (ಒಂದೊಂದು ದಿಕ್ಕಿನ ಗೆರೆಗಳಿಗೆ ಸ್ಪಂದಿಸುವ ಫಿಲ್ಟರ್), ಎಲ್‌ಬಿಪಿ (ಪಿಕ್ಸೆಲ್ಲನ್ನು ಅದರ ನೆರೆಯವುಗಳೊಂದಿಗೆ ಹೋಲಿಸಿ ಸಂಕೇತ ಕೊಡುವ ವಿಧಾನ) ಎಂಬ ಎರಡು ಹೆಸರುಗಳು ಓದಿದಲ್ಲೆಲ್ಲ ಸಿಗುತ್ತಿವೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ನಮ್ಮ ಬಳಿ ಸಾಧಾರಣ ಲ್ಯಾಪ್‌ಟಾಪ್ ಇದೆಯೇ ಹೊರತು ಜಿಪಿಯು (ಭಾರೀ ಲೆಕ್ಕಗಳಿಗೆ ಬಳಸುವ ಚಿಪ್) ಇಲ್ಲ. ವೈವಾದಲ್ಲಿ ಏಕೆ ಎಂದು ಕೇಳಿದರೆ ಹೇಳುವಷ್ಟು ಕಾರಣವೂ ಬೇಕು.

ಹಳೆಯ ಲ್ಯಾಬ್:

ಮೊದಲ ಪ್ರಶ್ನೆಗೆ ಉತ್ತರ ಇಲ್ಲ ಎಂದೇ. ಮುಚ್ಚಿದ ಭಾಗದಿಂದ ಕ್ಯಾಮೆರಾಕ್ಕೆ ಬೆಳಕೇ ತಲುಪಿಲ್ಲದಿರುವಾಗ ಯಾವ ಫಿಲ್ಟರೂ ಅದನ್ನು ಮರಳಿ ತರಲಾರದು. ಫಿಲ್ಟರಿನಿಂದ ಆಗುವ ಕೆಲಸ ಎರಡು. ಕಾಣುವ ಭಾಗದ ವಿವರವನ್ನು ಬೆಳಕಿನ ಏರುಪೇರಿನಿಂದ ಬಿಡಿಸಿಕೊಡುವುದು ಒಂದು. ಮುಚ್ಚಿದ ಭಾಗದ ಪ್ರಭಾವವು ಕಾಣುವ ಭಾಗಕ್ಕೆ ಹರಡದಂತೆ ನೋಡಿಕೊಳ್ಳುವುದು ಇನ್ನೊಂದು. ಈ ಎರಡನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನಿಮ್ಮ ವಿಧಾನದಲ್ಲಿಯೂ ಅದಕ್ಕೆ ಜಾಗವಿಲ್ಲ.

ಮೀಡಿಯನ್ ಫಿಲ್ಟರನ್ನು ನೋಡಿ. ಕಿಟಕಿಯೊಳಗೆ ಸಿಗುವ ಪಿಕ್ಸೆಲ್‌ಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ಉಳಿಸಿಕೊಳ್ಳುವುದಷ್ಟೇ ಅದರ ಕೆಲಸ. ಆದ್ದರಿಂದ ಅಡ್ಡ ಬಂದ ವಸ್ತುವು ಕಿಟಕಿಯ ಅರ್ಧಕ್ಕಿಂತ ಕಡಿಮೆ ಜಾಗವನ್ನು ಆವರಿಸಿದ್ದರೆ ಮಾತ್ರ ಅದು ಅಳಿಸಿಹೋಗುತ್ತದೆ. ಗೇಟಿನ ತೆಳುವಾದ ಕಂಬಿ, ಮಳೆಯ ಗೆರೆ, ಸೆನ್ಸರಿನ ಬಿಳಿ ಕಪ್ಪು ಚುಕ್ಕೆ ಇವುಗಳಿಗೆಲ್ಲ ಇದು ಒಳ್ಳೆಯ ಮದ್ದು. ಆದರೆ ಅರ್ಧ ಮುಖದ ಮಾಸ್ಕನ್ನು ಅಳಿಸುವಷ್ಟು ದೊಡ್ಡ ಕಿಟಕಿಯನ್ನು ಇಟ್ಟರೆ ಮಾಸ್ಕಿಗಿಂತ ಮೊದಲು ಕಣ್ಣು ಹುಬ್ಬುಗಳೇ ಅಳಿಸಿಹೋಗುತ್ತವೆ.

ಹಿಸ್ಟೋಗ್ರಾಂ ಈಕ್ವಲೈಸೇಶನ್ ನಿಮಗೆ ನೇರವಾಗಿ ಹಾನಿ ಮಾಡುತ್ತಿದೆ. ಅದು ಇಡೀ ಚಿತ್ರದ ಪಿಕ್ಸೆಲ್‌ಗಳನ್ನು ಒಟ್ಟಿಗೆ ಎಣಿಸಿ, ಅವುಗಳನ್ನು 0 ರಿಂದ 255 ರವರೆಗೆ ಸಮನಾಗಿ ಹರಡುತ್ತದೆ. ಚಿತ್ರದ ಅರ್ಧ ಭಾಗವನ್ನು ಬಿಳಿಯ ಮಾಸ್ಕ್ ಆವರಿಸಿಕೊಂಡಿದೆ ಎಂದುಕೊಳ್ಳಿ. ಆಗ ಮೇಲಿನ ಅರ್ಧ ಹಂತಗಳನ್ನು ಮಾಸ್ಕೇ ನುಂಗಿ, ಚರ್ಮದ ಪಿಕ್ಸೆಲ್‌ಗಳೆಲ್ಲ ಸುಮಾರು 0 ರಿಂದ 127 ರೊಳಗೆ ತಳ್ಳಲ್ಪಡುತ್ತವೆ. ದಾಖಲೆಯಲ್ಲಿರುವ ತೆರೆದ ಮುಖದಲ್ಲಿ ಅದೇ ಚರ್ಮವು ಪೂರ್ತಿ 0 ರಿಂದ 255 ರವರೆಗೆ ಹರಡಿಕೊಂಡಿರುತ್ತದೆ. ಅಂದರೆ ಮಾಸ್ಕ್ ಮುಟ್ಟಿಯೇ ಇರದ ಹಣೆ ಮತ್ತು ಕಣ್ಣುಗಳ ಬೆಲೆಯೂ ಬದಲಾಗಿಬಿಟ್ಟಿತು. ಈಕ್ವಲೈಸೇಶನ್ ಬೇಕೇ ಬೇಕೆಂದಿದ್ದರೆ ಕಾಣುವ ಭಾಗದ ಪಿಕ್ಸೆಲ್‌ಗಳಿಂದ ಮಾತ್ರ ಹಿಸ್ಟೋಗ್ರಾಂ ಕಟ್ಟಿ, ದಾಖಲೆಯ ಚಿತ್ರಗಳಿಗೂ ಅದೇ ಭಾಗದಿಂದಲೇ ಕಟ್ಟಿಕೊಳ್ಳಿ.

ಇನ್ನು ಐಗನ್‌ಫೇಸ್. 1991 ರಲ್ಲಿ ಟರ್ಕ್ ಮತ್ತು ಪೆಂಟ್‌ಲೆಂಡ್ ಪ್ರಕಟಿಸಿದ ಈ ವಿಧಾನದಲ್ಲಿ ಮುಖವನ್ನು ಸೂಚಿಸುವ ಪ್ರತಿಯೊಂದು ಸಂಖ್ಯೆಯೂ ಚಿತ್ರದ ಎಲ್ಲ ಪಿಕ್ಸೆಲ್‌ಗಳಿಂದ ಲೆಕ್ಕವಾಗುತ್ತದೆ. ಹಾಲಿಗೆ ಹುಳಿ ಬಿದ್ದ ಹಾಗೆ, ಒಂದು ಮೂಲೆಯ ಕೇಡು ಎಲ್ಲ ಸಂಖ್ಯೆಗಳನ್ನೂ ಕೆಡಿಸುತ್ತದೆ. ನಿಮ್ಮ ಆ ಒಬ್ಬನೇ ಹುಡುಗನ ಗುಟ್ಟು ಕೂಡ ಇಲ್ಲಿಯೇ ಇದೆ. ಬಿಳಿಯ ಮಾಸ್ಕು ಎಲ್ಲ ಮುಖಗಳನ್ನೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಎಳೆದೊಯ್ಯುತ್ತದೆ, ಮತ್ತು ಆ ಎಳೆತವು ಇಬ್ಬರು ವ್ಯಕ್ತಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಆ ದಿಕ್ಕಿನಲ್ಲಿ ಹತ್ತಿರ ನಿಂತಿರುವ ದಾಖಲೆ ಯಾರದೋ ಅವರ ಹೆಸರಿಗೆ ಎಲ್ಲರ ಹಾಜರಾತಿಯೂ ಬೀಳುತ್ತದೆ. ಆ ಹುಡುಗನ ದಾಖಲೆಯ ಚಿತ್ರವನ್ನೊಮ್ಮೆ ತೆಗೆದು ನೋಡಿ. ಮುಖದ ಕೆಳಭಾಗದ ಮೇಲೆ ಜೋರಾದ ಬೆಳಕು ಬಿದ್ದಿದ್ದರೆ ಆಶ್ಚರ್ಯವಿಲ್ಲ. ಐಗನ್‌ಫೇಸನ್ನು ಬಿಡಲು ಮನಸ್ಸಿಲ್ಲದಿದ್ದರೆ, ಕಾಣುವ ಪಿಕ್ಸೆಲ್‌ಗಳನ್ನಷ್ಟೇ ಇಟ್ಟುಕೊಂಡು ಲೀಸ್ಟ್ ಸ್ಕ್ವೇರ್ಸ್ (ವ್ಯತ್ಯಾಸಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಲೆಕ್ಕ ಹಾಕುವುದು) ಮೂಲಕ ಆ ಸಂಖ್ಯೆಗಳನ್ನು ಕಂಡುಹಿಡಿಯುವ ದಾರಿಯಿದೆ. ಎವರ್ಸನ್ ಮತ್ತು ಸಿರೋವಿಚ್ 1995 ರಲ್ಲಿ ಇದನ್ನು ತೋರಿಸಿಕೊಟ್ಟರು.

ನನ್ನ ಆಯ್ಕೆ ಎಲ್‌ಬಿಪಿ, ಏಕೆಂದರೆ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ವೈವಾದಲ್ಲಿ ಕಾಗದದ ಮೇಲೆ ಬರೆದು ತೋರಿಸಲೂ ಬರುತ್ತದೆ. ನಡುವಿನ ಪಿಕ್ಸೆಲ್ಲಿನ ಬೆಲೆ 90 ಎಂದಿಟ್ಟುಕೊಳ್ಳಿ. ಎಡ ಮೇಲ್ತುದಿಯಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಅದರ ನೆರೆಯ ಎಂಟು ಬೆಲೆಗಳು 120, 95, 60, 88, 92, 140, 70, 91 ಆಗಿವೆ. 90 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1, ಕಡಿಮೆಯಿದ್ದರೆ 0 ಎಂದು ಬರೆದರೆ 11001101 ಬರುತ್ತದೆ, ಅಂದರೆ 205. ಇದೇ ಜಾಗದ ಮೇಲೆ ಬೆಳಕು ಹೆಚ್ಚಿ ಒಂಬತ್ತೂ ಬೆಲೆಗಳು 40 ರಷ್ಟು ಏರಿದರೂ ಸಂಕೇತ 205 ಆಗಿಯೇ ಉಳಿಯುತ್ತದೆ. ಪಕ್ಕದ ಪಿಕ್ಸೆಲ್‌ಗಳ ಹೊರತು ಬೇರೆ ಯಾವುದನ್ನೂ ಅದು ನೋಡುವುದಿಲ್ಲವಾದ್ದರಿಂದ ಗಲ್ಲದ ಮೇಲಿನ ಮಾಸ್ಕು ಹುಬ್ಬಿನ ಸಂಕೇತವನ್ನು ಕದಲಿಸಲಾರದು.

ಅಹೊನೆನ್, ಹದೀದ್, ಪಿಯೆಟಿಕೈನೆನ್ ಇವರ ಕ್ರಮದಲ್ಲಿ 130×150 ಪಿಕ್ಸೆಲ್ಲಿನ ಮುಖವನ್ನು 7×7 ಚೌಕಗಳಾಗಿ ಸೀಳಿ, ಪ್ರತಿ ಚೌಕಕ್ಕೂ 59 ಮನೆಗಳ ಹಿಸ್ಟೋಗ್ರಾಂ (ಯಾವ ಗುಂಪಿನ ಸಂಕೇತ ಎಷ್ಟು ಸಲ ಬಂತೆಂಬ ಎಣಿಕೆ) ಕಟ್ಟಿ, ಅವುಗಳನ್ನು ಸಾಲಾಗಿ ಜೋಡಿಸುತ್ತಾರೆ. ಒಟ್ಟು 2891 ಸಂಖ್ಯೆಗಳಾಗುತ್ತವೆ. ಹೋಲಿಕೆಯನ್ನು ಕೈ ಸ್ಕ್ವೇರ್ ದೂರದಿಂದ (ಎರಡು ಎಣಿಕೆಗಳ ನಡುವಿನ ವ್ಯತ್ಯಾಸದ ಅಳತೆಯಿಂದ) ಅಳೆಯುತ್ತಾರೆ. ಒಂದು ಎಚ್ಚರಿಕೆ: ಅವರು ಕಣ್ಣಿನ ಚೌಕಗಳಿಗೆ ಎಲ್ಲಕ್ಕಿಂತ ಹೆಚ್ಚಿನ ತೂಕ ಕೊಟ್ಟಿದ್ದಾರೆ. ತೆರೆದ ಮುಖಕ್ಕೆ ಅದು ಸರಿ. ಕೂಲಿಂಗ್ ಗ್ಲಾಸ್ ಹಾಕಿದವರಿಗೆ ಅದೇ ತೂಕವನ್ನು ಬಳಸಿದರೆ ಮುಖದಲ್ಲಿ ಎಲ್ಲಿ ಏನೂ ಕಾಣುವುದಿಲ್ಲವೋ ಆ ಜಾಗವನ್ನೇ ಹೆಚ್ಚು ನಂಬಿದಂತಾಗುತ್ತದೆ. ತೂಕವು ಪ್ರತಿ ಚಿತ್ರಕ್ಕೂ ಬೇರೆಯಾಗಿರಬೇಕು, ಮುಚ್ಚಿದ ಚೌಕಕ್ಕೆ ಸೊನ್ನೆಯಾಗಿರಬೇಕು.

ಕೋರಮಂಗಲದ ಕೋಡರ್:

ಮೇಲಿನ ಉತ್ತರದಲ್ಲಿ ತಪ್ಪೇನೂ ಇಲ್ಲ, ಆದರೆ ಈ ಕಾಲದಲ್ಲಿ ಎಲ್‌ಬಿಪಿಗೆ ಇಷ್ಟು ದೂರ ಹೋಗಬೇಕೇ ಎಂಬುದು ನನ್ನ ತಕರಾರು. ಮೊದಲೇ ತರಬೇತಿ ಪಡೆದ ನ್ಯೂರಲ್ ನೆಟ್‌ವರ್ಕ್‌ಗಳು ಪುಕ್ಕಟೆಯಾಗಿ ಸಿಗುತ್ತವೆ. ಮುಖ ಗುರುತಿಸಲೆಂದೇ ಬಂದ 2019 ರ ಆರ್ಕ್‌ಫೇಸ್ ಮಾದರಿಯದನ್ನು ತೆಗೆದುಕೊಂಡರೆ ಪ್ರತಿ ಮುಖಕ್ಕೂ 512 ಸಂಖ್ಯೆಗಳು ಬರುತ್ತವೆ. 60 ಜನರೊಂದಿಗೆ ಹೋಲಿಸಲು ಜಿಪಿಯು ಬೇಕಾಗಿಲ್ಲ, ಸಾಧಾರಣ ಪ್ರೊಸೆಸರ್ ಸಾಕು. ಮಾಸ್ಕ್ ಇದ್ದರೂ ಇದು ಐಗನ್‌ಫೇಸಿಗಿಂತ ಎಷ್ಟೋ ಮೇಲು.

ಹಾಗೆಂದು ಇದನ್ನು ಕಣ್ಣು ಮುಚ್ಚಿ ನಂಬಿ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಯಾದ ನಿಸ್ಟ್ 2020 ರ ಜುಲೈನಲ್ಲಿ ಕೋವಿಡ್‌ಗೆ ಮುಂಚೆ ತಯಾರಾಗಿದ್ದ 89 ವಾಣಿಜ್ಯ ಅಲ್ಗಾರಿದಂಗಳನ್ನು ಕಂಪ್ಯೂಟರಿನಲ್ಲಿ ಮಾಸ್ಕ್ ಬರೆದು ಸೇರಿಸಿದ ಚಿತ್ರಗಳ ಮೇಲೆ ಪರೀಕ್ಷಿಸಿದಾಗ, ಅವುಗಳಲ್ಲಿ ಒಳ್ಳೆಯವೂ ನೂರರಲ್ಲಿ 5 ರಿಂದ 50 ರವರೆಗೆ ತಪ್ಪಿದವು. ಅವು ಮಾಸ್ಕನ್ನು ಕಂಡೇ ಇರಲಿಲ್ಲ. ದಾಖಲೆಯ ಚಿತ್ರಗಳ ಮೇಲೆ ಬೇರೆ ಬೇರೆ ಬಣ್ಣ, ಬೇರೆ ಬೇರೆ ಎತ್ತರದ ಮಾಸ್ಕುಗಳನ್ನು ಬರೆದು ಸೇರಿಸಿ, ಒಬ್ಬೊಬ್ಬರಿಗೂ ತೆರೆದ ಮುಖದ ದಾಖಲೆಯ ಜೊತೆಗೆ ಮುಚ್ಚಿದ ಮುಖದ ದಾಖಲೆಯನ್ನೂ ಇಟ್ಟುಕೊಳ್ಳಿ. ಬಣ್ಣ ಒಂದೇ ಆಗಿಬಿಟ್ಟರೆ ನೆಟ್‌ವರ್ಕು ಮುಖ ಬಿಟ್ಟು ಮಾಸ್ಕನ್ನೇ ಹೋಲಿಸುವ ಅಪಾಯವಿದೆ.

ಫಿಲ್ಟರ್ ಬಗ್ಗೆ ಒಂದು ಮಾತು. ಇಂಥ ನೆಟ್‌ವರ್ಕಿಗೆ ಚಿತ್ರವನ್ನು ಕೊಡುವ ಮೊದಲು ಈಕ್ವಲೈಸೇಶನ್ನನ್ನಾಗಲಿ ಅಂಚು ಎತ್ತಿ ತೋರಿಸುವ ಫಿಲ್ಟರನ್ನಾಗಲಿ ಹಾಯಿಸಬೇಡಿ. ಅದು ಕಲಿತದ್ದು ಸಾಮಾನ್ಯ ಬಣ್ಣದ ಫೋಟೋಗಳಿಂದ. ಸೋಸಿದ ಚಿತ್ರ ಅದಕ್ಕೆ ಅಪರಿಚಿತ. ಬೇಕಾದ ಫಿಲ್ಟರುಗಳನ್ನು ಅದು ತನ್ನೊಳಗೇ ಕಲಿತುಕೊಂಡಿರುತ್ತದೆ. ಚಿತ್ರದಲ್ಲಿರುವ ವಸ್ತುವನ್ನು ಗುರುತಿಸುವ 2012 ರ ಅಲೆಕ್ಸ್‌ನೆಟ್ ನೆಟ್‌ವರ್ಕಿನ ಮೊದಲ ಪದರವನ್ನು ಬಿಚ್ಚಿ ನೋಡಿದರೆ ಅಲ್ಲಿ ಓರೆ ಗೆರೆ, ನೇರ ಗೆರೆಗಳಿಗೆ ಸ್ಪಂದಿಸುವ, ಥೇಟ್ ಗೇಬರ್ ಫಿಲ್ಟರಿನಂಥವೇ ಕಾಣುತ್ತವೆ. ಯಾರೂ ಅವನ್ನು ಬರೆದಿರಲಿಲ್ಲ.

ಮುಚ್ಚಿದ ಬಾಯಿ, ಗಲ್ಲವನ್ನು ತುಂಬಿಕೊಡುವ ಎಐ ಸಾಧನಗಳನ್ನು ಮಾತ್ರ ದಯವಿಟ್ಟು ದೂರವಿಡಿ. ಅವು ತುಂಬುವುದು ಸಾವಿರಾರು ಮುಖಗಳಿಂದ ಊಹಿಸಿದ ಗಲ್ಲವನ್ನು, ಎದುರಿಗಿರುವ ವ್ಯಕ್ತಿಯ ಗಲ್ಲವನ್ನಲ್ಲ. ನೋಡಲು ಚೆಂದ, ಗುರುತಿಗೆ ಸುಳ್ಳು ಸಾಕ್ಷಿ.

ಬಸವನಗುಡಿ ವಿದ್ಯಾರ್ಥಿನಿ:

ಇಬ್ಬರಿಗೂ ಧನ್ಯವಾದಗಳು. ಪ್ರಾಜೆಕ್ಟಿನ ಶೀರ್ಷಿಕೆಯಲ್ಲಿಯೇ ಫಿಲ್ಟರಿಂಗ್ ಎಂದಿರುವುದರಿಂದ ಎಲ್‌ಬಿಪಿಯನ್ನು ಮುಖ್ಯವಾಗಿಟ್ಟು, ನೆಟ್‌ವರ್ಕನ್ನು ಹೋಲಿಕೆಗೆ ಇಟ್ಟುಕೊಳ್ಳುತ್ತೇವೆ. ಆದರೆ ಮುಚ್ಚಿದ ಚೌಕಕ್ಕೆ ಸೊನ್ನೆ ತೂಕ ಕೊಡಬೇಕಾದರೆ ಯಾವ ಚೌಕ ಮುಚ್ಚಿದೆ ಎಂಬುದು ಮೊದಲು ತಿಳಿಯಬೇಕಲ್ಲವೇ? ಚರ್ಮದ ಬಣ್ಣವನ್ನು ನೋಡಿ ನಿರ್ಧರಿಸಿದರೆ ಸಾಕೇ? ಇನ್ನೊಂದು ಸಂದೇಹವೂ ಇದೆ. ನಮ್ಮ ತರಗತಿಯಲ್ಲಿ ಕೆಲವರು ದಿನವೂ ವಿಭೂತಿ ಧರಿಸಿ ಬರುತ್ತಾರೆ, ಕೆಲವರು ಹಬ್ಬದ ದಿನ ಮಾತ್ರ. ಇದನ್ನೂ ಮುಚ್ಚಿದ ಭಾಗವೆಂದೇ ಎಣಿಸಬೇಕೇ?

ನಿವೃತ್ತ ಮೇಷ್ಟ್ರು:

ಸರಿಯಾದ ಕಡೆಗೇ ಬಂದಿದ್ದೀರಿ. ಈ ಸಮಸ್ಯೆಯಲ್ಲಿ ಗುರುತಿಸುವುದಕ್ಕಿಂತ ಮುಚ್ಚಿದ್ದೆಲ್ಲಿ ಎಂದು ಪತ್ತೆ ಮಾಡುವುದೇ ಅರ್ಧಕ್ಕಿಂತ ಹೆಚ್ಚಿನ ಕೆಲಸ.

ಚರ್ಮದ ಬಣ್ಣವೊಂದನ್ನೇ ನೆಚ್ಚಿಕೊಳ್ಳಬೇಡಿ. ಟ್ಯೂಬ್‌ಲೈಟಿನ ಕೆಳಗೆ ಒಂದು ಬಣ್ಣ, ಬಾಗಿಲಿನ ಬಿಸಿಲಿನಲ್ಲಿ ಇನ್ನೊಂದು. ಕಂದು ಬಣ್ಣದ ವೇಲು ಚರ್ಮವೆಂದೇ ಹಾದುಹೋಗುತ್ತದೆ, ಗಡ್ಡವು ಮುಖದ್ದೇ ಆಗಿದ್ದರೂ ಮುಚ್ಚಿದ ಭಾಗವೆಂದು ಎಣಿಕೆಯಾಗುತ್ತದೆ. 2011 ರಲ್ಲಿ ಮಿನ್, ಹದೀದ್, ದ್ಯುಜಲೇ ಅವರು ಅನುಸರಿಸಿದ ದಾರಿ ನಿಮ್ಮ ಅಳತೆಗೆ ಹೊಂದುತ್ತದೆ. ಅವರು ಮುಖವನ್ನು ಮೇಲರ್ಧ, ಕೆಳಗಿನರ್ಧ ಎಂದು ಭಾಗ ಮಾಡಿ, ಪ್ರತಿ ಅರ್ಧದ ಮೇಲೂ ಗೇಬರ್ ಫಿಲ್ಟರುಗಳನ್ನು ಹಾಯಿಸಿ, ಬಂದ ಸಂಖ್ಯೆಗಳನ್ನು ಪಿಸಿಎಯಿಂದ (ಹೆಚ್ಚು ಏರುಪೇರಿರುವ ಕೆಲವೇ ದಿಕ್ಕುಗಳನ್ನು ಉಳಿಸಿಕೊಳ್ಳುವ ಲೆಕ್ಕದಿಂದ) ಕುಗ್ಗಿಸಿ, ಇದು ಮುಚ್ಚಿದೆಯೋ ತೆರೆದಿದೆಯೋ ಎಂದು ಎಸ್‌ವಿಎಂಗೆ (ಉದಾಹರಣೆ ನೋಡಿ ಎರಡು ಗುಂಪುಗಳನ್ನು ಬೇರ್ಪಡಿಸುವ ವಿಧಾನಕ್ಕೆ) ಕಲಿಸಿದರು. ತೆರೆದ ಭಾಗದ ಎಲ್‌ಬಿಪಿಯನ್ನಷ್ಟೇ ಹೋಲಿಕೆಗೆ ತೆಗೆದುಕೊಂಡರು. ಹೀಗಾಗಿ ಗೇಬರೋ ಎಲ್‌ಬಿಪಿಯೋ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಇಲ್ಲಿ ಎರಡೂ ಬೇಕೆಂದು ಉತ್ತರ ಸಿಗುತ್ತದೆ: ಒಂದು ಪತ್ತೆಗೆ, ಇನ್ನೊಂದು ಹೋಲಿಕೆಗೆ.

ಗೇಬರನ್ನು ಹೋಲಿಕೆಗೂ ಬಳಸುವುದಾದರೆ ಅಳತೆಯ ವಿಷಯದಲ್ಲಿ ಜಾಗ್ರತೆಯಿಂದಿರಿ. ವಾಡಿಕೆಯಂತೆ 5 ಗಾತ್ರ, 8 ದಿಕ್ಕು, ಒಟ್ಟು 40 ಫಿಲ್ಟರುಗಳನ್ನು ಹಾಕುತ್ತಾರೆ. ಗಾತ್ರ ದೊಡ್ಡದಾದಷ್ಟೂ ಫಿಲ್ಟರು ದೂರದ ಪಿಕ್ಸೆಲ್‌ಗಳನ್ನು ಮುಟ್ಟುತ್ತದೆ. ಸಿಗ್ಮಾ (ಫಿಲ್ಟರಿನ ಹರಹಿನ ಅಳತೆ) 4 ಪಿಕ್ಸೆಲ್ ಇರುವ ಫಿಲ್ಟರು ಎರಡೂ ಕಡೆಗೆ ಸುಮಾರು 12 ಪಿಕ್ಸೆಲ್ ಚಾಚಿಕೊಳ್ಳುತ್ತದೆ. ಮಾಸ್ಕಿನ ಮೇಲಂಚಿನಿಂದ ಕಣ್ಣಿನ ಕೆಳರೆಪ್ಪೆಗೆ ನಿಮ್ಮ ಚಿತ್ರದಲ್ಲಿ ಅಷ್ಟೂ ಅಂತರವಿಲ್ಲದಿದ್ದರೆ, ಕಣ್ಣಿನ ಬಳಿ ನೀವು ಅಳೆಯುತ್ತಿರುವುದು ಮಾಸ್ಕಿನ ಅಂಚನ್ನೇ ಹೊರತು ಕಣ್ಣನ್ನಲ್ಲ. ಬಟ್ಟೆ ಮತ್ತು ಚರ್ಮ ಸೇರುವ ಆ ಗೆರೆಯು ಮುಖದ ಯಾವ ಗೆರೆಗಿಂತಲೂ ಗಾಢವಾಗಿರುವುದರಿಂದ ಅಲ್ಲಿಯ ಸ್ಪಂದನವು ಉಳಿದೆಲ್ಲವನ್ನೂ ಮುಳುಗಿಸಿಬಿಡುತ್ತದೆ.

ಬೆಳಕನ್ನು ಸಮಗೊಳಿಸಲು ಬಳಸುವ ಗಾಸಿಯನ್ ಮೊದಲಾದ ನಯಗೊಳಿಸುವ ಫಿಲ್ಟರುಗಳಲ್ಲಿ ಈ ಸೋರಿಕೆಯನ್ನು ತಡೆಯಲು ಒಂದು ಸೊಗಸಾದ ಉಪಾಯವಿದೆ. ಕ್ನುಟ್ಸನ್ ಮತ್ತು ವೆಸ್ಟಿನ್ 1993 ರಲ್ಲಿ ವಿವರಿಸಿದ ನಾರ್ಮಲೈಸ್ಡ್ ಕನ್ವಲ್ಯೂಶನ್ ಅದು. ಕಾಣುವ ಪಿಕ್ಸೆಲ್ಲಿಗೆ 1, ಮುಚ್ಚಿದ್ದಕ್ಕೆ 0 ಎಂದು ಒಂದು ನಕ್ಷೆ ಮಾಡಿಕೊಳ್ಳಿ. ಚಿತ್ರವನ್ನು ಆ ನಕ್ಷೆಯಿಂದ ಗುಣಿಸಿ ಫಿಲ್ಟರ್ ಹಾಯಿಸಿ. ನಕ್ಷೆಯ ಮೇಲೂ ಅದೇ ಫಿಲ್ಟರನ್ನು ಬೇರೆಯಾಗಿ ಹಾಯಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಸರಾಸರಿಯಲ್ಲಿ ಮುಚ್ಚಿದ ಪಿಕ್ಸೆಲ್ಲುಗಳ ಪಾಲು ಇಲ್ಲವಾಗುತ್ತದೆ. ಭಾಜಕವು ಸೊನ್ನೆಗೆ ತೀರ ಹತ್ತಿರವಿರುವ ಕಡೆ ಫಲಿತಾಂಶವನ್ನು ಬಿಟ್ಟುಬಿಡಿ. ಕೋಡಿನಲ್ಲಿ ಇದು ಮೂರು ಸಾಲು. ಎಲ್‌ಬಿಪಿಗೆ ಇದರ ಅಗತ್ಯವಿಲ್ಲ. ಅಂಚಿನ ಎರಡು ಪಿಕ್ಸೆಲ್ಲುಗಳನ್ನು ಎಣಿಕೆಯಿಂದ ಕೈಬಿಟ್ಟರೆ ಸಾಕು.

ವಿಭೂತಿಯ ಪ್ರಶ್ನೆ ಚೆನ್ನಾಗಿದೆ, ಹೊರನಾಡಿನ ಪ್ರಬಂಧಗಳಲ್ಲಿ ಇದಕ್ಕೆ ಉತ್ತರ ಹುಡುಕಿಕೊಂಡು ಹೋದರೆ ಸಿಗುವುದು ಕಷ್ಟ. ಮೂರು ಅಡ್ಡಪಟ್ಟಿಗಳೆಂದರೆ ಅಡ್ಡ ದಿಕ್ಕಿನ ಗೇಬರಿಗೆ ಹಬ್ಬವೇ ಸರಿ. ಹಣೆಯ ಮೇಲೆ ಅಷ್ಟು ಸ್ಪಷ್ಟವಾದ ಗೆರೆ ಇನ್ನೊಂದಿಲ್ಲ. ದಾಖಲಾತಿಯ ದಿನ ವಿಭೂತಿ ಇದ್ದು ಮರುದಿನ ಇಲ್ಲದಿದ್ದರೆ ವ್ಯವಸ್ಥೆಗೆ ಆತ ಬೇರೆಯವನಾಗುತ್ತಾನೆ. ವಿಭೂತಿ ಹಚ್ಚಿದ ಇಬ್ಬರು ಒಬ್ಬರೇ ಆಗಿಬಿಡುವುದೂ ಉಂಟು. ಹಣೆಯ ನಡುವಿನ ಚೌಕಗಳ ತೂಕವನ್ನು ಎಲ್ಲರಿಗೂ ಕಡಿಮೆ ಮಾಡಿಬಿಡುವುದು ಸುಲಭದ ದಾರಿ. ಹುಬ್ಬು, ಕಣ್ಣು, ಮೂಗಿನ ಸೇತುವೆಗಳಿಗೆ ಹೋಲಿಸಿದರೆ ಬರಿ ಹಣೆಯಿಂದ ಸಿಗುವ ಗುರುತು ಹೇಗೂ ಅತ್ಯಲ್ಪ. ಕುಂಕುಮದ ಬೊಟ್ಟು ಸಣ್ಣದಾದ್ದರಿಂದ ಅದರ ಚಿಂತೆ ಬೇಡ.

ಕೂಲಿಂಗ್ ಗ್ಲಾಸಿನವರಲ್ಲಿ ನಿಜವಾಗಿ ಕೈಕೊಡುವುದು ಜೋಡಣೆ. ಎರಡು ಕಣ್ಣುಗಳನ್ನು ಗುರುತಿಸಿ ಮುಖವನ್ನು ನೆಟ್ಟಗೆ ನಿಲ್ಲಿಸುತ್ತೀರಿ ಎಂದುಕೊಂಡಿದ್ದೇನೆ. ಕಣ್ಣೇ ಕಾಣದಿದ್ದರೆ ಚೌಕಗಳು ಕೆಲವು ಪಿಕ್ಸೆಲ್ ಜರುಗಿ, ಇವರ ಮೂಗನ್ನು ಅವರ ಕೆನ್ನೆಯೊಂದಿಗೆ ಹೋಲಿಸುವಂತಾಗುತ್ತದೆ. ಅಂಥವರಿಗೆ ಮೂಗಿನ ತುದಿ ಮತ್ತು ಬಾಯಿಯ ಮೂಲೆಗಳನ್ನು ಆಧಾರವಾಗಿಟ್ಟುಕೊಳ್ಳಿ.

ಜಯನಗರದ ಓದುಗ:

ಪರೀಕ್ಷೆ ಮಾಡುವ ಬಗೆಯ ಕುರಿತು ಯಾರೂ ಹೇಳಿಲ್ಲವಾದ್ದರಿಂದ ಇದನ್ನು ಸೇರಿಸುತ್ತೇನೆ. ಚಿತ್ರದ ಮೇಲೆ ಕಪ್ಪು ಚೌಕವನ್ನು ಅಂಟಿಸಿ ಪರೀಕ್ಷಿಸಿದ ಫಲಿತಾಂಶವನ್ನು ಮಾಸ್ಕಿನ ಫಲಿತಾಂಶವೆಂದು ಬರೆಯಬೇಡಿ. ನಿಜವಾದ ಬಟ್ಟೆಗೆ ಮಡಿಕೆ, ನೆರಳು ಇರುತ್ತವೆ, ಅದು ಮುಖ ಪತ್ತೆಯ ಹಂತವನ್ನೇ ಕೆಡಿಸಬಲ್ಲದು. ಬಾರ್ಸಿಲೋನಾದಲ್ಲಿ 1998 ರಲ್ಲಿ ತಯಾರಾದ ಎಆರ್ ಸಂಗ್ರಹದಲ್ಲಿ 126 ಜನರ 4000 ಕ್ಕೂ ಹೆಚ್ಚು ಚಿತ್ರಗಳಿವೆ, ಅವುಗಳಲ್ಲಿ ನಿಜವಾದ ಕಪ್ಪು ಕನ್ನಡಕ ಮತ್ತು ಸ್ಕಾರ್ಫ್ ಹಾಕಿದವೂ ಇವೆ. ಕನ್ನಡಕ, ಸ್ಕಾರ್ಫ್ ಎರಡರ ಫಲಿತಾಂಶವನ್ನೂ ಬೇರೆ ಬೇರೆಯಾಗಿಯೇ ಕೊಡಿ. ಏಕೆಂದರೆ ಅವುಗಳ ಸ್ವಭಾವ ಬೇರೆ: 2009 ರಲ್ಲಿ ರೈಟ್ ಮತ್ತು ಸಂಗಡಿಗರು ವಿರಳ ನಿರೂಪಣೆಯ ವಿಧಾನದಿಂದ (ಮುಖವನ್ನು ದಾಖಲೆಯ ಕೆಲವೇ ಚಿತ್ರಗಳ ಮಿಶ್ರಣವಾಗಿ ಬರೆಯುವುದು) ಇದೇ ಸಂಗ್ರಹದ 100 ಜನರ ಮೇಲೆ ಪರೀಕ್ಷಿಸಿದಾಗ ಇಡೀ ಮುಖವನ್ನು ಒಟ್ಟಾಗಿ ತೆಗೆದುಕೊಂಡರೆ ಕನ್ನಡಕಕ್ಕೆ ಶೇಕಡಾ 87, ಸ್ಕಾರ್ಫಿಗೆ ಶೇಕಡಾ 59.5 ಸರಿಯುತ್ತರ ಬಂದಿತ್ತು. ಮುಖವನ್ನು ಎಂಟು ತುಂಡು ಮಾಡಿ, ತುಂಡುಗಳಿಂದ ಮತ ಹಾಕಿಸಿದಾಗ ಅದೇ ಅಂಕಿಗಳು 97.5 ಮತ್ತು 93.5 ಕ್ಕೆ ಏರಿದವು. ತುಂಡು ಮಾಡುವುದರ ಬೆಲೆಯೇನೆಂದು ವೈವಾದಲ್ಲಿ ಕೇಳಿದರೆ ಇದಕ್ಕಿಂತ ನೇರವಾದ ಉತ್ತರ ಬೇಕಾಗದು.

ನಿಮ್ಮ ಪಟ್ಟಿಯಲ್ಲಿ ಇಲ್ಲದವರೂ ಆ ಬಾಗಿಲಿನಿಂದ ಬರುತ್ತಾರಲ್ಲವೇ? ಇಬ್ಬರು ಬೇರೆಯವರನ್ನು ಒಬ್ಬರೆಂದು ತಪ್ಪಾಗಿ ಒಪ್ಪಿಕೊಳ್ಳುವ ಸಂಭವ ನೂರಕ್ಕೆ ಒಂದು ಎಂದಿಟ್ಟುಕೊಂಡರೂ, 60 ದಾಖಲೆಗಳೊಂದಿಗೆ ಹೋಲಿಸುವಾಗ ಹೊರಗಿನವರೊಬ್ಬರು ಯಾರಾದರೊಬ್ಬರಂತೆ ಕಾಣುವ ಸಂಭವ ಸುಮಾರು ನೂರಕ್ಕೆ 45 ಆಗುತ್ತದೆ. ಮಾಸ್ಕ್ ಇದ್ದಾಗ ಚೌಕಗಳು ಕಡಿಮೆಯಾಗುವುದರಿಂದ ದೂರದ ಅಳತೆಯೂ ಬದಲಾಗುತ್ತದೆ. ತೆರೆದ ಮುಖಕ್ಕೆ ನಿಗದಿ ಮಾಡಿದ ಮಿತಿಯನ್ನೇ ಮುಚ್ಚಿದ ಮುಖಕ್ಕೂ ಇಡಬೇಡಿ, ಎರಡಕ್ಕೂ ಬೇರೆ ಮಿತಿಗಳನ್ನು ಪರೀಕ್ಷೆಗೆ ಬಳಸದ ಚಿತ್ರಗಳಿಂದ ಕಂಡುಕೊಳ್ಳಿ.

ಒಪ್ಪಿಗೆ ಪಡೆದಿರುವುದು ಒಳ್ಳೆಯ ಕೆಲಸ. ಖಾಸಗಿತನ ಮೂಲಭೂತ ಹಕ್ಕೆಂದು 2017 ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು; ಆ ಬಳಿಕ ಬಂದ 2023 ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕೂ ಇದೆ. ಆದ್ದರಿಂದ ಒಬ್ಬರ ದಾಖಲೆಯನ್ನು ಪೂರ್ತಿ ಅಳಿಸುವ ಸೌಲಭ್ಯವನ್ನು ಕೋಡಿನಲ್ಲಿ ಈಗಲೇ ಇಡಿ. ಒಪ್ಪದವರ ಮುಖ ಕ್ಯಾಮೆರಾಕ್ಕೆ ಬಿದ್ದರೆ ಹೋಲಿಸಿ ಮುಗಿದ ಕೂಡಲೇ ಆ ಚಿತ್ರ ಉಳಿಯಬಾರದು.

ಮತ್ತೆ, ಕಾಣುವ ಚೌಕಗಳು ಮೂರನೇ ಒಂದಕ್ಕಿಂತ ಕಡಿಮೆಯಾದಾಗ ಊಹೆ ಮಾಡುವ ಗೋಜಿಗೇ ಹೋಗದೆ, ಮಾಸ್ಕ್ ಇಳಿಸಿ ಇನ್ನೊಮ್ಮೆ ನಿಲ್ಲಿ ಎಂದು ಪರದೆಯ ಮೇಲೆ ತೋರಿಸಿಬಿಡಿ. ಬಾಗಿಲಲ್ಲಿರುವವರು ನಿಮ್ಮ ಸಹಪಾಠಿಗಳೇ ಆದ್ದರಿಂದ ಬೇಸರಿಸಿಕೊಳ್ಳಲಾರರು. ಹಾಗೆ ಎಷ್ಟು ಮಂದಿಗೆ ಹೇಳಬೇಕಾಯಿತು ಎಂಬುದನ್ನೂ ಫಲಿತಾಂಶದ ಕೋಷ್ಟಕದಲ್ಲಿ ಒಂದು ಕಾಲಂ ಮಾಡಿ ಹಾಕಿ.